ಕಾಣದ ಬಿಸಿಗಾಳಿಯನ್ನು ಕಾಣುವ ಬಗೆ

ಬೇಸಗೆಯ ನಡುಹಗಲಿನಲ್ಲಿ ಬಾಗಲಕೋಟೆಯಿಂದ ಹುನಗುಂದದ ಮಾರ್ಗವಾಗಿ ಇಳಕಲ್ಲಿಗೆ ಪಯಣಿಸಿದವರು ಒಂದು ನೋಟವನ್ನು ಕಂಡೇ ಇರುತ್ತಾರೆ. ಎರೆಯ ಹೊಲಗಳಲ್ಲಿ ಪೈರು ತೆಗೆದು ಬಹುಕಾಲವಾಗಿರುತ್ತದೆ. ಕಪ್ಪುನೆಲವು ಬಿರುಕುಬಿಟ್ಟು ಬಾಯ್ದೆರೆದಿರುತ್ತದೆ. ದಾರಿಯಲ್ಲಿ ನೆರಳು ವಿರಳ. ಅಂತಹ ಹೊತ್ತಿನಲ್ಲಿ ದೂರದ ರಸ್ತೆಯ ಮೇಲೆ ತಿಳಿನೀರು ಹರವಿಕೊಂಡು ನಿಂತಂತೆ ತೋರುತ್ತದೆ. ಎದುರಿನಿಂದ ಬರುವ ಬಂಡಿಯ ತಲೆಕೆಳಗಾದ ಬಿಂಬವೂ ಆ ನೀರಿನಲ್ಲಿ ನಡುಗುತ್ತಿರುತ್ತದೆ. ನಾವು ಮುಂದೆ ಹೋದಷ್ಟೂ ಅದು ಹಿಂದಕ್ಕೆ ಸರಿಯುತ್ತದೆ. ನಮ್ಮ ಹಿರಿಯರು ಇದನ್ನು ಬಿಸಿಲ್ಗುದುರೆ ಎಂದರು. ಸಂಸ್ಕೃತದವರು ಮೃಗತೃಷ್ಣೆ ಎಂದರು. ವೇದಾಂತಿಗಳಿಗಂತೂ ಇದು ಜಗತ್ತಿನ ಮಿಥ್ಯೆಗೆ ಸಿದ್ಧವಾಗಿ ದೊರೆತ ದೃಷ್ಟಾಂತವಾಯಿತು.

ಶ್ರೋತೃಗಳೆ, ಭೌತವಿಜ್ಞಾನಿಯು ಈ ದೃಷ್ಟಾಂತವನ್ನು ಕೊಂಚ ತಿದ್ದಬೇಕೆನ್ನುತ್ತಾನೆ. ಅಲ್ಲಿ ನೀರಿಲ್ಲವೆಂಬುದು ನಿಜ. ಆದರೆ ಕಣ್ಣು ಸುಳ್ಳನ್ನು ಕಾಣಲಿಲ್ಲ. ಆಕಾಶದಿಂದ ಇಳಿದು ಬಂದ ಬೆಳಕು ನೆಲದ ಹತ್ತಿರ ವಾಸ್ತವವಾಗಿಯೇ ಬಾಗಿ, ಮೇಲಕ್ಕೆ ತಿರುಗಿ, ನಮ್ಮ ಕಣ್ಣನ್ನು ಸೇರಿದೆ. ಕಣ್ಣು ಕಂಡದ್ದು ಬಾಗಿದ ಬೆಳಕನ್ನು. ನೀರೆಂದು ತೀರ್ಮಾನಿಸಿದ್ದು ಬುದ್ಧಿ. ಬೆಳಕನ್ನು ಬಾಗಿಸಿದ್ದು ಯಾವುದು? ಕಾದ ನೆಲವನ್ನು ಮುಟ್ಟಿ ಬಿಸಿಯಾದ ಗಾಳಿ. ಆದುದರಿಂದ ಬಿಸಿಲ್ಗುದುರೆಯನ್ನು ಕಂಡವರೆಲ್ಲರೂ ತಮಗರಿಯದಂತೆಯೇ ಬಿಸಿಗಾಳಿಯ ಒಂದು ಚಿತ್ರವನ್ನು ಕಂಡಿದ್ದಾರೆ. ಕಾಣದ ಗಾಳಿಯನ್ನು ಬೆಳಕಿನ ನೆರವಿನಿಂದ ಕಾಣುವ ಉಪಾಯಗಳು ಯಾವುವು, ಅವುಗಳಲ್ಲಿ ಯಾವುದು ಯಾವುದಕ್ಕೆ ತಕ್ಕದ್ದು, ಎಂಬುದೇ ಈ ಭಾಷಣದ ವಿಷಯ.

ಮೊದಲು ಕಾರಣವನ್ನು ನೋಡೋಣ. ಬೆಳಕು ಶೂನ್ಯದಲ್ಲಿ ಹೋಗುವುದಕ್ಕಿಂತ ಗಾಳಿಯಲ್ಲಿ ಅತ್ಯಲ್ಪವಾಗಿ ನಿಧಾನವಾಗಿ ಹೋಗುತ್ತದೆ. ಈ ನಿಧಾನವನ್ನು ಅಳೆಯುವ ಸಂಖ್ಯೆಗೆ ವಕ್ರೀಭವನಾಂಕವೆಂದು ಹೆಸರು. ಶೂನ್ಯಕ್ಕೆ ಅದು ೧. ಸೊನ್ನೆ ಡಿಗ್ರಿಯ ಗಾಳಿಗೆ ಸುಮಾರು ೧.೦೦೦೨೯. ಗಾಳಿಯು ಕಾದಾಗ ಹಿಗ್ಗಿ ವಿರಳವಾಗುತ್ತದೆ. ವಿರಳವಾದಂತೆ ಆ ಅಲ್ಪವಾದ ಹೆಚ್ಚಳವೂ ಕುಗ್ಗುತ್ತದೆ. ನಮ್ಮ ಕೋಣೆಯ ಗಾಳಿ ಒಂದು ಡಿಗ್ರಿ ಬಿಸಿಯಾದರೆ ಈ ಸಂಖ್ಯೆಯಲ್ಲಿ ಆಗುವ ವ್ಯತ್ಯಾಸ ಹತ್ತು ಲಕ್ಷದಲ್ಲಿ ಒಂದು ಪಾಲಿನಷ್ಟು ಮಾತ್ರ. ಇಷ್ಟು ಸಣ್ಣದರಿಂದ ಏನಾದೀತೆಂದು ಕೇಳಬಹುದು. ರಸ್ತೆಗೆ ಅಂಟಿದ ಗಾಳಿಯು ಮೇಲಿನ ಗಾಳಿಗಿಂತ ೨೦ ಡಿಗ್ರಿ ಹೆಚ್ಚು ಬಿಸಿಯಾಗಿದೆಯೆಂದು ಇಟ್ಟುಕೊಳ್ಳಿ. ಆಗ ಒಂದು ಡಿಗ್ರಿಯ ಮೂರನೆಯ ಒಂದು ಪಾಲಿಗಿಂತ ಕಡಮೆ ಓರೆಯಲ್ಲಿ, ಎಂದರೆ ನೆಲಕ್ಕೆ ತಾಗಿಯೂ ತಾಗದಂತೆ, ಜಾರಿ ಬರುವ ಕಿರಣವು ಪೂರ್ತಿಯಾಗಿ ಹಿಂತಿರುಗಿಬಿಡುತ್ತದೆ. ಕಣ್ಣು ನೆಲದಿಂದ ಒಂದೂವರೆ ಮೀಟರು ಎತ್ತರದಲ್ಲಿದ್ದರೆ ಆ 'ನೀರು' ನಮಗೆ ಸುಮಾರು ಕಾಲು ಕಿಲೋಮೀಟರು ಆಚೆಯಿಂದ ತೋರತೊಡಗುವುದು. ನಾವು ನಡೆದಂತೆ ಅದೂ ಅಷ್ಟೇ ಅಂತರವನ್ನು ಕಾಯ್ದುಕೊಂಡು ಹೋಗುವುದು ಈ ಲೆಕ್ಕದ ಫಲವೇ.

ಈ ನೋಟ ಸಾಮಾನ್ಯರಿಗೆ ಮಾತ್ರವಲ್ಲ, ವಿಜ್ಞಾನಿಗಳಿಗೂ ಕುತೂಹಲವನ್ನು ಉಂಟುಮಾಡಿತು. ಬೆಂಗಳೂರಿನಲ್ಲಿ ಸರ್ ಸಿ. ವಿ. ರಾಮನ್ ಅವರೂ ಅವರೊಡನಿದ್ದ ತರುಣ ಪಂಚರತ್ನಂ ಅವರೂ ೧೯೫೯ರಲ್ಲಿ ಮರೀಚಿಕೆಯ ಬೆಳಕನ್ನು ಕುರಿತು ಒಂದು ಪ್ರಬಂಧವನ್ನು ಪ್ರಕಟಿಸಿದರು. ಬಿಸಿ ಮಾಡಿದ ತಟ್ಟೆಯ ಮೇಲೆ ಬೆಳಕನ್ನು ಜಾರಿಸಿ ನೋಡಿದಾಗ, ಕಿರಣಗಳು ತಿರುಗಿಕೊಳ್ಳುವ ಎಡೆಯಲ್ಲಿ ಬೆಳಕು ಕತ್ತಲೆಗಳ ಸೂಕ್ಷ್ಮವಾದ ಪಟ್ಟೆಗಳು ಕಂಡವು. ಬೆಳಕನ್ನು ಕೇವಲ ಗೆರೆಯೆಂದು ಭಾವಿಸಿ ಮರೀಚಿಕೆಯನ್ನು ಸಂಪೂರ್ಣವಾಗಿ ವಿವರಿಸಲಾಗದು, ಅದು ಅಲೆಯೆಂಬುದನ್ನೂ ನೆನೆಯಬೇಕು, ಎಂಬುದು ಅದರಿಂದ ಸ್ಪಷ್ಟವಾಯಿತು. ಈ ಪಟ್ಟೆಗಳ ಮಾತು ಮುಂದೆಯೂ ಬರಲಿದೆ.

ಈಗ ರಸ್ತೆಯಿಂದ ಅಡುಗೆಮನೆಗೆ ಬರೋಣ. ಬಿಸಿಗಾಳಿಯನ್ನು ಕಾಣುವುದು ಬರಿಯ ವಿನೋದವಲ್ಲವೆಂಬುದು ಅಲ್ಲಿ ತಿಳಿಯುತ್ತದೆ. ಬಾದಾಮಿಯ ಯಾವುದಾದರೊಂದು ಹಳ್ಳಿಯಲ್ಲಿ ತಾಯಿಯೊಬ್ಬಳು ಒಲೆಯ ಮುಂದೆ ಕುಳಿತು ಜೋಳದ ರೊಟ್ಟಿಯನ್ನು ಬಡಿಯುತ್ತಿದ್ದಾಳೆ. ಸೌದೆ ಉರಿಯುತ್ತಿದೆ. ಆ ಉರಿಯ ಬಿಸಿಯಲ್ಲಿ ಹೆಂಚಿಗೆ ಮುಟ್ಟಿದ್ದೆಷ್ಟು, ಹೆಂಚಿನ ಅಂಚನ್ನು ಬಳಸಿಕೊಂಡು ಸೂರಿಗೆ ಹೋದದ್ದೆಷ್ಟು? ಹೊಗೆಯಾದರೆ ಕಣ್ಣಿಗೆ ಕಾಣುತ್ತದೆ, ಕಣ್ಣನ್ನು ಉರಿಸಿ ತನ್ನ ಇರುವಿಕೆಯನ್ನು ತಿಳಿಸುತ್ತದೆ. ವ್ಯರ್ಥವಾಗಿ ಹೋಗುವ ಬಿಸಿಗಾಳಿ ಕಾಣುವುದೂ ಇಲ್ಲ, ಹೇಳುವುದೂ ಇಲ್ಲ. ಅದರ ಬೆಲೆಯನ್ನು ಸೌದೆಯ ಹೊರೆಯನ್ನು ಹೊತ್ತು ತಂದವಳು ತೆರುತ್ತಾಳೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ೧೯೭೪ರಲ್ಲಿ ಆರಂಭವಾದ 'ಅಸ್ತ್ರ' ಎಂಬ ಗ್ರಾಮೋಪಯೋಗಿ ವಿಭಾಗದವರು, ಉರಿಯನ್ನು ಮುಚ್ಚಿದ ಗೂಡಿನಲ್ಲಿರಿಸಿ, ಬಿಸಿಗಾಳಿಯನ್ನು ಸಾಲಾಗಿ ಪಾತ್ರೆಗಳ ತಳಕ್ಕೆ ಹಾಯಿಸಿ, ಕಡೆಗೆ ಹೊಗೆಗೊಳವೆಯಿಂದ ಹೊರಗೆ ಕಳುಹುವ ಒಲೆಯನ್ನು ರೂಪಿಸಿದರು. ಅಸ್ತ್ರ ಒಲೆಯೆಂದು ಹೆಸರಾದ ಅದರ ಗುಟ್ಟೆಲ್ಲ ಬಿಸಿಗಾಳಿಗೆ ಸರಿಯಾದ ದಾರಿಯನ್ನು ತೋರಿಸಿದುದರಲ್ಲಿದೆ. ಇಂದು ಅನೇಕ ಮನೆಗಳಿಗೆ ಅನಿಲದ ಒಲೆ ಬಂದಿದೆಯಾದರೂ ಪ್ರಶ್ನೆ ಹೋಗಿಲ್ಲ. ಸಣ್ಣ ಪಾತ್ರೆಯ ಕೆಳಗೆ ದೊಡ್ಡ ಉರಿಯನ್ನಿಟ್ಟರೆ ಬಿಸಿಯು ಪಾತ್ರೆಯ ಬದಿಯಿಂದಲೇ ಓಡಿಹೋಗುತ್ತದೆ.

ಗಾಳಿಯ ದಾರಿಯನ್ನು ತಿಳಿಯಲು ಎಲ್ಲರಿಗೂ ಗೊತ್ತಿರುವ ಉಪಾಯ ಊದುಬತ್ತಿ. ಅದರ ಹೊಗೆಯು ಗಾಳಿ ಒಯ್ದತ್ತ ಹೋಗುತ್ತದೆ. ಆದರೆ ಇಲ್ಲಿ ನಾವು ಕಾಣುವುದು ಹೊಗೆಯ ಕಣಗಳನ್ನೇ ಹೊರತು ಗಾಳಿಯ ಬಿಸಿಯನ್ನಲ್ಲ. ತಣ್ಣನೆಯ ಗಾಳಿಯೂ ಹೊಗೆಯನ್ನು ಹೊತ್ತೀತು. ಹೊಗೆ ಸೇರದ ಕಡೆ ಬಿಸಿಯಿದ್ದರೂ ಏನೂ ಕಾಣದು. ಬಿಸಿಯನ್ನೇ ಕಾಣಬೇಕಾದರೆ ಬೆಳಕು ಬಾಗುವುದನ್ನು ಹಿಡಿಯಬೇಕು. ಅದಕ್ಕೆ ಮೂರು ಮುಖ್ಯ ಮಾರ್ಗಗಳುಂಟು.

ಮೊದಲನೆಯದು ನೆರಳಿನ ಮಾರ್ಗ. ಬಿಸಿಲು ನೇರವಾಗಿ ಬೀಳುವ ಬಾಗಿಲಲ್ಲಿ ಕಾದ ಹೆಂಚನ್ನೋ ಉರಿಯುವ ಮೇಣದ ಬತ್ತಿಯನ್ನೋ ಹಿಡಿದು, ಒಂದೆರಡು ಮೀಟರು ಹಿಂದಿರುವ ಬಿಳಿಯ ಗೋಡೆಯನ್ನು ನೋಡಿರಿ, ಸೂರ್ಯನನ್ನು ನೋಡಕೂಡದು. ಬತ್ತಿಯ ನೆರಳಿನ ಮೇಲೆ ಹೊಳೆಯುವ ಮತ್ತು ಮಸಕಾದ ಎಳೆಗಳು ಸುರುಳಿಸುರುಳಿಯಾಗಿ ಏಳುತ್ತಿರುವುದು ಕಾಣುತ್ತದೆ. ಬಿಸಿಗಾಳಿಯು ಕಿರಣಗಳನ್ನು ಒಂದೆಡೆಯಿಂದ ಸರಿಸಿ ಮತ್ತೊಂದೆಡೆಗೆ ದಟ್ಟವಾಗಿಸಿದುದರ ಗುರುತು ಅದು. ೧೭೭೯ರಲ್ಲಿ ಪ್ಯಾರಿಸ್ ನಗರದಲ್ಲಿ ಮರಾ ಎಂಬ ವೈದ್ಯನು ಇಂತಹ ನೆರಳುಗಳನ್ನು ಕತ್ತಲೆಕೋಣೆಯಲ್ಲಿ ಪ್ರದರ್ಶಿಸಿದನು. ಮುಂದೆ ಫ್ರಾನ್ಸಿನ ಕ್ರಾಂತಿಯಲ್ಲಿ ಹೆಸರಾದವನು ಇವನೇ. ನೋಡಬಂದವರಲ್ಲಿ ಅಮೆರಿಕದ ಫ್ರಾಂಕ್ಲಿನ್ ಮಹಾಶಯರೂ ಇದ್ದರು. ಅವರು ತಮ್ಮ ಬೋಳುತಲೆಯನ್ನೇ ಬೆಳಕಿಗೆ ಒಡ್ಡಲು, ಅದರಿಂದಲೂ ಆವಿಯಂತಹ ಎಳೆಗಳು ಏಳುವುದು ಗೋಡೆಯ ಮೇಲೆ ಕಂಡಿತಂತೆ. ಮರಾ ಕಂಡದ್ದು ಸರಿ; ಆದರೆ ಅವನು ಅದನ್ನು ಅಗ್ನಿಯೆಂಬ ಒಂದು ದ್ರವ್ಯವೇ ಹರಿಯುತ್ತಿರುವುದೆಂದು ಅರ್ಥ ಮಾಡಿದನು. ನಮ್ಮ ದಾರಿಹೋಕನು ನೀರನ್ನು ಕಂಡಂತೆಯೇ ಇದೂ. ಚಿತ್ರ ನಿಜ, ಓದು ತಪ್ಪು.

ಎರಡನೆಯದಕ್ಕೆ ಜರ್ಮನ್ ಭಾಷೆಯಲ್ಲಿ ಷ್ಲೀರೆನ್ ಎಂದು ಹೆಸರು. ಗಾಜಿನಲ್ಲಿ ಕಾಣುವ ಎಳೆ, ಗೀರು ಎಂಬುದು ಅದರ ಅರ್ಥ. ಇಂಗ್ಲೆಂಡಿನ ರಾಬರ್ಟ್ ಹುಕ್ ೧೭ನೆಯ ಶತಮಾನದಲ್ಲಿಯೇ ಮಸೂರವೊಂದರ ನೆರವಿನಿಂದ ಬತ್ತಿಯ ಮೇಲಿನ ಬಿಸಿಗಾಳಿಯನ್ನು ಕಂಡಿದ್ದನು. ೧೮೬೪ರಲ್ಲಿ ಜರ್ಮನಿಯ ಟೋಪ್ಲರ್ ಈ ವಿದ್ಯೆಗೆ ಒಂದು ಕ್ರಮವನ್ನು ಕೊಟ್ಟನು. ಇದರ ಏರ್ಪಾಡು ಹೀಗೆ. ದೂರದರ್ಶಕಕ್ಕೆ ಉಪಯೋಗಿಸುವಂತಹ ಒಂದು ಒಳ್ಳೆಯ ನಿಮ್ನದರ್ಪಣವನ್ನು ನಿಲ್ಲಿಸಿ, ಅದರ ನಾಭಿದೂರದ ಎರಡರಷ್ಟು ಅಂತರದಲ್ಲಿ ಸೂಜಿರಂಧ್ರದಿಂದ ಬರುವ ದೀಪದ ಬೆಳಕನ್ನು ಇರಿಸಬೇಕು. ದರ್ಪಣವು ಆ ಬೆಳಕನ್ನು ರಂಧ್ರದ ಪಕ್ಕದಲ್ಲಿಯೇ ಚಿಕ್ಕ ಚುಕ್ಕೆಯಾಗಿ ಕೂಡಿಸುತ್ತದೆ. ಆ ಚುಕ್ಕೆಯ ಅರ್ಧವನ್ನು ಕ್ಷೌರದ ಅಲಗಿನ ಅಂಚಿನಿಂದ ತಡೆದು ಹಿಂದಿನಿಂದ ನೋಡಿದರೆ ದರ್ಪಣವೆಲ್ಲ ಒಂದೇ ಸಮನಾದ ಬೂದುಬಣ್ಣವಾಗಿ ತೋರುವುದು. ಈಗ ದರ್ಪಣದ ಮುಂದೆ ಅಂಗೈಯನ್ನು ಹಿಡಿಯಿರಿ. ಮೈಯ ಬಿಸುಪಿನಿಂದ ಮೇಲೇಳುವ ಗಾಳಿಯು ಕಿರಣವನ್ನು ಹೆಚ್ಚೆಂದರೆ ಮೀಟರಿಗೆ ಒಂದು ಮಿಲಿಮೀಟರಿನ ಹತ್ತನೆಯ ಒಂದು ಪಾಲಿನಷ್ಟು ಬಾಗಿಸೀತು. ಅಷ್ಟು ಸಾಕು. ಅಲಗಿನ ಕಡೆಗೆ ಬಾಗಿದ ಕಿರಣಗಳು ತಡೆಯಲ್ಪಟ್ಟು ಆ ಜಾಗ ಕಪ್ಪಾಗುತ್ತದೆ. ಆಚೆಗೆ ಬಾಗಿದವು ಪಾರಾಗಿ ಬಂದು ಆ ಜಾಗ ಬೆಳಗುತ್ತದೆ. ಬೆರಳುಗಳಿಂದ ಹೊಗೆಯಿಲ್ಲದ ಉರಿ ಎದ್ದಂತೆ ಬಿಸಿಗಾಳಿಯ ಹೊನಲು ಕಣ್ಣಿಗೆ ಕಟ್ಟುತ್ತದೆ. ಇಲ್ಲಿ ನೆನಪಿಡಬೇಕಾದ ಅಂಶವೊಂದುಂಟು. ಅಲಗನ್ನು ನಿಟ್ಟಾಗಿ ನಿಲ್ಲಿಸಿದರೆ ಎಡಬಲಕ್ಕೆ ಬಾಗಿದ ಕಿರಣಗಳು ಮಾತ್ರ ತಿಳಿಯುತ್ತವೆ; ಅಡ್ಡವಾಗಿಟ್ಟರೆ ಮೇಲೆಕೆಳಗೆ ಬಾಗಿದವು ಮಾತ್ರ. ಒಂದೇ ಹೊನಲಿನ ಎರಡು ಚಿತ್ರಗಳು ಬೇರೆಬೇರೆಯಾಗಿ ಕಂಡರೆ ಗಾಬರಿಯಾಗಬೇಕಾದುದಿಲ್ಲ.

ಮೂರನೆಯದು ವ್ಯತಿಕರಣದ ಮಾರ್ಗ. ರಾಮನ್ ಅವರು ಕಂಡ ಪಟ್ಟೆಗಳಿಗೂ ಇದಕ್ಕೂ ನಂಟುಂಟು. ೧೮೯೧ ಮತ್ತು ೧೮೯೨ರಲ್ಲಿ ತ್ಸೆಂಡರ್ ಮತ್ತು ಲುಡ್ವಿಗ್ ಮಾಖ್ ಎಂಬವರು ಒಂದೇ ಬೆಳಕನ್ನು ಎರಡಾಗಿ ಒಡೆದು, ಒಂದನ್ನು ಬಿಸಿಗಾಳಿಯೊಳಗಿಂದಲೂ ಮತ್ತೊಂದನ್ನು ತಣ್ಣನೆಯ ಗಾಳಿಯೊಳಗಿಂದಲೂ ಹಾಯಿಸಿ, ಮರಳಿ ಒಂದುಗೂಡಿಸುವ ಯಂತ್ರವನ್ನು ಬೇರೆಬೇರೆಯಾಗಿ ನಿರ್ಮಿಸಿದರು. ಬಿಸಿಯಲ್ಲಿ ಹಾದ ಬೆಳಕು ತುಸು ಮುಂದಾಗಿ ಬರುತ್ತದೆ. ಎರಡು ಅಲೆಗಳ ಹೆಜ್ಜೆ ಕೂಡಿದ ಕಡೆ ಬೆಳಕು, ಹೆಜ್ಜೆ ತಪ್ಪಿದ ಕಡೆ ಕತ್ತಲೆ. ಹೀಗೆ ಪಟ್ಟೆಗಳು ಮೂಡುತ್ತವೆ. ಹಸುರು ಬೆಳಕಿನಲ್ಲಿ, ಹತ್ತು ಸೆಂಟಿಮೀಟರು ದಪ್ಪದ ಬಿಸಿಗಾಳಿಯನ್ನು ನೋಡಿದಾಗ, ಕೋಣೆಯ ಉಷ್ಣಮಾನದ ಬಳಿ ಒಂದು ಪಟ್ಟೆಗೆ ಸುಮಾರು ೬ ಡಿಗ್ರಿಗಳ ಅಂತರ. ಪಟ್ಟೆಗಳನ್ನು ಎಣಿಸಿದರೆ ಉಷ್ಣಮಾನವನ್ನೇ ಎಣಿಸಿದಂತಾಯಿತು. ಇಷ್ಟು ನಿಖರವಾದ ಸಾಧನಕ್ಕೆ ತಕ್ಕಷ್ಟು ಉಪಚಾರವೂ ಬೇಕು. ಕನ್ನಡಿಗಳು ಬೆಳಕಿನ ಅಲೆಯ ಅಳತೆಗೆ ನಯವಾಗಿರಬೇಕು. ಬೀದಿಯಲ್ಲಿ ಬಂಡಿ ಹೋದರೂ ಪಟ್ಟೆಗಳು ಕುಣಿದಾಡುತ್ತವೆ. ೧೯೬೦ರಲ್ಲಿ ಲೇಸರ್ ಬೆಳಕು ಬಂದಮೇಲೆ ಈ ಕಷ್ಟ ಬಹುಮಟ್ಟಿಗೆ ಕಡಮೆಯಾಯಿತು, ತೀರಲಿಲ್ಲ.

ಈ ಮೂರು ಮಾರ್ಗಗಳ ತಾರತಮ್ಯವನ್ನು ಅರಿಯಲು ಬಾದಾಮಿಯ ಬೆಟ್ಟವನ್ನು ನೆನೆಯೋಣ. ಅಗಸ್ತ್ಯತೀರ್ಥದ ದಂಡೆಯಲ್ಲಿ ನಿಂತರೆ ಕೆಂಪು ಮರಳುಗಲ್ಲಿನ ಗೋಡೆಗಳು ಕಡಿದಾಗಿ ಎದ್ದಿವೆ. ಅವುಗಳ ಮೇಲೆ ಚಪ್ಪಟೆಯಾದ ನೆತ್ತಿ, ಕೆಳಗೆ ಇಳಿಜಾರು. ಈ ಬೆಟ್ಟವನ್ನು ಮೂರು ವಿಧವಾಗಿ ಬರೆಯಬಹುದು. ಭೂಮಾಪಕನು ಸಮಾನವಾದ ಎತ್ತರದ ಜಾಗಗಳನ್ನು ಕೂಡಿಸಿ ಗೆರೆಗಳನ್ನೆಳೆದು ಪ್ರತಿಯೊಂದು ಸ್ಥಳದ ಎತ್ತರವನ್ನೂ ತಿಳಿಸುತ್ತಾನೆ. ವ್ಯತಿಕರಣದ ಪಟ್ಟೆಗಳು ಅಂತಹವು. ಬಿಸಿ ಎಷ್ಟೆಂಬುದನ್ನೇ ಹೇಳುತ್ತವೆ. ಚಿತ್ರಕಾರನು ಸಂಜೆಯ ಓರೆಬಿಸಿಲಿನಲ್ಲಿ ಬೆಟ್ಟವನ್ನು ನೋಡಿ, ಸೂರ್ಯನಿಗೆ ಮುಖವಾದ ಇಳಿಜಾರನ್ನು ಬೆಳಗಾಗಿಯೂ ಬೆನ್ನಾದುದನ್ನು ಕಪ್ಪಾಗಿಯೂ ಬರೆಯುತ್ತಾನೆ. ಷ್ಲೀರೆನ್ ಚಿತ್ರ ಅಂತಹುದು. ಬಿಸಿಯ ಇಳಿಜಾರು ಎಷ್ಟು ಕಡಿದು, ಯಾವ ಕಡೆಗೆ, ಎಂಬುದನ್ನು ಹೇಳುತ್ತದೆ. ಮತ್ತೊಬ್ಬನು ಬಂಡೆಯ ಅಂಚುಗಳನ್ನು ಮಾತ್ರ, ಎಂದರೆ ಚಪ್ಪಟೆ ನೆತ್ತಿ ಮುಗಿದು ಪ್ರಪಾತ ತೊಡಗುವ ಗೆರೆಯನ್ನೂ, ಪ್ರಪಾತ ಮುಗಿದು ನೆಲ ತೊಡಗುವ ಗೆರೆಯನ್ನೂ ಎಳೆದು ಬಿಡುತ್ತಾನೆ. ನೆರಳಿನ ಚಿತ್ರ ಅದೇ. ಇಳಿಜಾರು ಹಠಾತ್ತಾಗಿ ಬದಲಾಗುವ ಎಡೆಗಳನ್ನು ಮಾತ್ರ ತೋರಿಸುತ್ತದೆ. ಒಂದೇ ಸಮನಾಗಿ ಏರುವ ಬಿಸಿಯು ಅದಕ್ಕೆ ಕಾಣಿಸುವುದೇ ಇಲ್ಲ. ಮೂವರಲ್ಲಿ ಯಾರೂ ಸುಳ್ಳು ಹೇಳಲಿಲ್ಲ. ಎತ್ತರವನ್ನು ಬಲ್ಲವನಿಂದ ಇಳಿಜಾರನ್ನು ಲೆಕ್ಕ ಹಾಕಿ ಪಡೆಯಬಹುದು. ಅಂಚನ್ನು ಮಾತ್ರ ಬರೆದವನಿಂದ ಎತ್ತರವನ್ನು ಪಡೆಯುವುದು ದುಸ್ತರ.

ಹೀಗಿರುವಲ್ಲಿ ನೆರಳಿನ ಮಾರ್ಗ ಕೀಳೆಂದು ತಿಳಿಯಬೇಡಿರಿ. ಅಂಚೇ ಬೇಕಾದಾಗ ಅದಕ್ಕಿಂತ ಸರಳವಾದುದಿಲ್ಲ. ಶಬ್ದಕ್ಕಿಂತ ವೇಗವಾಗಿ ಹೋಗುವ ಗುಂಡಿನ ಮುಂದೆ ಗಾಳಿಯು ಒಂದು ಗೆರೆಯಲ್ಲಿ ಒತ್ತಲ್ಪಡುವುದನ್ನು ಅರ್ನ್ಸ್ಟ್ ಮಾಖ್ ಮತ್ತು ಸಾಲ್ಖರ್ ೧೮೮೭ರಲ್ಲಿ ಚಿತ್ರಗಳ ಸಮೇತ ಪ್ರಕಟಿಸಿದರು. ಮಾಖ್‌ನು ಮೇಲೆ ಹೇಳಿದ ಲುಡ್ವಿಗ್ಗನ ತಂದೆ. ಅಂದಿನಿಂದ ವಿಮಾನಗಳ ಗಾಳಿಸುರಂಗಗಳಲ್ಲಿ ನೆರಳೂ ಷ್ಲೀರೆನ್ನೂ ನಿತ್ಯದ ಸಾಧನಗಳಾಗಿವೆ. ಬೆಂಗಳೂರಿನ ಗಾಳಿಸುರಂಗಗಳಲ್ಲಿಯೂ ಹಾಗೆಯೇ.

ದರ್ಪಣವಿಲ್ಲದವರು ಏನು ಮಾಡಬೇಕು? ಇದಕ್ಕೆ ಉತ್ತರ ಇಳಕಲ್ಲಿನ ಸೀರೆಯಲ್ಲಿದೆಯೆಂದರೆ ನಗಬೇಡಿರಿ. ೨೦೦೦ದ ಆಸುಪಾಸಿನಲ್ಲಿ ಜರ್ಮನಿ ಇಂಗ್ಲೆಂಡುಗಳ ಸಂಶೋಧಕರು ಒಂದು ಹೊಸ ಬಗೆಯನ್ನು ಬಳಕೆಗೆ ತಂದರು. ಹಿಂದೆ ಚುಕ್ಕೆಗಳಿಂದಲೋ ಗೆರೆಗಳಿಂದಲೋ ತುಂಬಿದ ಒಂದು ಪಟವನ್ನು ತೂಗುಹಾಕಿ, ಮುಂದೆ ಕ್ಯಾಮೆರಾವನ್ನು ಅಲುಗದಂತೆ ನಿಲ್ಲಿಸಿ, ನಡುವೆ ಬಿಸಿಗಾಳಿ ಇಲ್ಲದಾಗ ಒಂದು ಚಿತ್ರವನ್ನೂ ಇದ್ದಾಗ ಮತ್ತೊಂದನ್ನೂ ತೆಗೆಯಬೇಕು. ಎರಡನ್ನೂ ಗಣಕಯಂತ್ರಕ್ಕೆ ಹೋಲಿಸಲು ಕೊಟ್ಟರೆ, ಯಾವ ಚುಕ್ಕೆ ಎತ್ತ ಎಷ್ಟು ಸರಿಯಿತೆಂಬುದು ತಿಳಿದು ಬಿಸಿಗಾಳಿಯ ಆಕಾರ ಮೂಡುತ್ತದೆ. ಸಣ್ಣ ಚೌಕುಳಿಯ ಸೀರೆಯೊಂದನ್ನು ಒಲೆಯಿಂದ ಒಂದು ಮೀಟರು ಹಿಂದೆ ಹರಡಿ, ಕೈಫೋನನ್ನು ಕಲ್ಲಿಗಾನಿಸಿ ಇಟ್ಟರೆ ಮನೆಯಲ್ಲಿಯೇ ಇದನ್ನು ಪರೀಕ್ಷಿಸಬಹುದು. ಹೆಂಚಿನ ಬದಿಯಲ್ಲಿ ಒಂದು ಸೆಂಟಿಮೀಟರಿನೊಳಗೆ ಬಿಸಿಯು ೨೦೦ ಡಿಗ್ರಿ ಇಳಿಯುತ್ತದೆಂದೂ ಆ ಗಾಳಿಯ ದಪ್ಪ ಹತ್ತು ಸೆಂಟಿಮೀಟರೆಂದೂ ಇಟ್ಟುಕೊಂಡರೆ, ಹಿಂದಿನ ನೂಲಿನ ಗೆರೆ ಸುಮಾರು ಒಂದು ಮಿಲಿಮೀಟರು ಸರಿದಂತೆ ಕಾಣುವುದು. ನೇಕಾರನ ಕಣ್ಣಿಗೆ ಒಂದು ಮಿಲಿಮೀಟರು ದೊಡ್ಡ ತಪ್ಪೇ ಸರಿ. ಒಂದು ಎಚ್ಚರಿಕೆ ಮಾತ್ರ ಬೇಕು. ಚೌಕಗಳೆಲ್ಲ ಒಂದೇ ತೆರನಾಗಿರುವುದರಿಂದ, ಸರಿತವು ಒಂದು ಚೌಕದಷ್ಟಾದರೆ ಯಂತ್ರವು ಒಂದನ್ನು ಮತ್ತೊಂದೆಂದು ಭ್ರಮಿಸೀತು. ಅದಕ್ಕಾಗಿಯೇ ಪ್ರಯೋಗಶಾಲೆಯವರು ಕ್ರಮವಿಲ್ಲದೆ ಎರಚಿದ ಚುಕ್ಕೆಗಳನ್ನು ಮೆಚ್ಚುತ್ತಾರೆ. ಈ ಬಗೆಯೂ ಇಳಿಜಾರನ್ನೇ ಹೇಳುವುದು. ಸೂಕ್ಷ್ಮತೆಯಲ್ಲಿ ದರ್ಪಣದ ಷ್ಲೀರೆನ್ನಿಗೆ ಕೊಂಚ ಹಿಂದು. ಆದರೆ ದರ್ಪಣದ ಅಗಲಕ್ಕೆ ಕಟ್ಟುಬೀಳದೆ ಬಯಲಿನಲ್ಲಿಯೂ ನಡೆಯುತ್ತದೆ.

ಇನ್ನೊಂದು ತಪ್ಪುತಿಳಿವಳಿಕೆಯನ್ನು ನಿವಾರಿಸಬೇಕಾಗಿದೆ. ಬಿಸಿಯನ್ನು ಬಣ್ಣಬಣ್ಣವಾಗಿ ತೋರಿಸುವ ಕ್ಯಾಮೆರಾ ಈಗ ಬಳಕೆಗೆ ಬಂದಿದೆ. ವಸ್ತುಗಳು ಹೊಮ್ಮಿಸುವ, ೧೮೦೦ರಲ್ಲಿ ಹರ್ಷೆಲ್ ಪತ್ತೆಮಾಡಿದ ಅತಿರಕ್ತ ಕಿರಣಗಳನ್ನು ಅದು ಗ್ರಹಿಸುತ್ತದೆ. ಅದನ್ನು ಒಲೆಯ ಕಡೆಗೆ ಹಿಡಿದರೆ ಬಿಸಿಗಾಳಿ ಕಾಣುವುದೆಂದು ಅನೇಕರ ನಂಬಿಕೆ. ಹೆಂಚು ಕಾಣುತ್ತದೆ, ಗೋಡೆ ಕಾಣುತ್ತದೆ. ನಡುವಿನ ಗಾಳಿ ಸಾಮಾನ್ಯವಾಗಿ ಕಾಣುವುದಿಲ್ಲ. ಗಾಳಿಯು ಆ ಕಿರಣಗಳನ್ನು ಬಹುಮಟ್ಟಿಗೆ ಹೊಮ್ಮಿಸುವುದೂ ಇಲ್ಲ, ತಡೆಯುವುದೂ ಇಲ್ಲ. ಗಾಳಿಯ ದಾರಿಗೆ ಅಡ್ಡವಾಗಿ ಒಂದು ತೆಳುವಾದ ಕಾಗದವನ್ನು ಹಿಡಿದರೆ ಕಾಗದ ಬಿಸಿಯಾಗಿ ಅದು ಕಂಡೀತು. ಬಣ್ಣದ ಚಿತ್ರ ಮನೋಹರವಾಗಿದೆಯೆಂದು ಅದು ಹೇಳದ ಮಾತನ್ನು ಅದರ ಬಾಯಲ್ಲಿ ಹಾಕಬಾರದು.

ಎಲ್ಲ ಮಾರ್ಗಗಳಿಗೂ ಸಮಾನವಾದ ಮಿತಿಗಳು ಮೂರು. ಬೆಳಕು ತಾನು ಹಾದು ಬಂದ ದಾರಿಯೆಲ್ಲದರ ಮೊತ್ತವನ್ನು ಹೇಳುತ್ತದೆಯೇ ಹೊರತು ನಡುವಿನ ಒಂದೊಂದು ಬಿಂದುವಿನ ಲೆಕ್ಕವನ್ನಲ್ಲ. ಎರಡನೆಯದಾಗಿ, ಅದು ತಿಳಿಸುವುದು ಗಾಳಿಯ ಸಾಂದ್ರತೆಯನ್ನು. ಉರಿಯೊಳಗೆ ನೀರಾವಿ, ಇಂಗಾಲಾಮ್ಲ ಮೊದಲಾದವು ಬೆರೆತಿರುವುದರಿಂದ ಅಲ್ಲಿ ಸಾಂದ್ರತೆಯಿಂದ ಬಿಸಿಯನ್ನು ಎಣಿಸುವಾಗ ತಿದ್ದುಪಡಿ ಬೇಕು. ಬಿಸಿ ಏರಿದಂತೆ ಸೂಕ್ಷ್ಮತೆಯೂ ತಗ್ಗುತ್ತದೆ: ಕೋಣೆಯಲ್ಲಿ ೬ ಡಿಗ್ರಿಗೆ ಮೂಡಿದ ಪಟ್ಟೆ ೩೦೦ ಡಿಗ್ರಿಯ ಬಳಿ ಮೂಡಲು ೨೦ಕ್ಕೂ ಮೀರಿದ ಅಂತರ ಬೇಕಾಗುತ್ತದೆ. ಮೂರನೆಯದಾಗಿ, ಒಂದು ಚಿತ್ರದಿಂದ ಗಾಳಿಯ ವೇಗ ತಿಳಿಯದು. ಅದಕ್ಕೆ ಸಾಲುಚಿತ್ರಗಳೋ ನಮ್ಮ ಹಳೆಯ ಊದುಬತ್ತಿಯ ಹೊಗೆಯೋ ಬೇಕು.

ಆದುದರಿಂದ ಯಾವ ಮಾರ್ಗ ಶ್ರೇಷ್ಠವೆಂಬ ಪ್ರಶ್ನೆಗಿಂತ, ನಾವು ಕೇಳಬೇಕಾಗಿರುವುದೇನು ಎಂಬ ಪ್ರಶ್ನೆ ಮೊದಲು. ಬಿಸಿಗಾಳಿ ಇದೆಯೆ ಎಂದು ಹತ್ತು ಜನರಿಗೆ ತೋರಿಸಬೇಕಾದರೆ ಬಿಸಿಲೂ ಬಿಳಿಗೋಡೆಯೂ ಸಾಕು. ಪಾತ್ರೆಯ ಯಾವ ಬದಿಯಿಂದ ಬಿಸಿ ಓಡಿಹೋಗುತ್ತಿದೆಯೆಂದು ಒಲೆಯನ್ನು ಕಟ್ಟುವವನು ತಿಳಿಯಬೇಕಾದರೆ ಷ್ಲೀರೆನ್ ಬೇಕು, ಇಲ್ಲವೆ ಚೌಕುಳಿಯ ಬಟ್ಟೆ. ಓಡಿಹೋದುದು ಎಷ್ಟು ಡಿಗ್ರಿಯ ಗಾಳಿಯೆಂದು ಲೆಕ್ಕ ಕೊಡಬೇಕಾದರೆ ವ್ಯತಿಕರಣದ ಯಂತ್ರವೂ ಅಲುಗದ ಮೇಜೂ ತಾಳ್ಮೆಯೂ ಬೇಕು.

ಮತ್ತೆ ಹುನಗುಂದದ ದಾರಿಗೆ ಹೋಗೋಣ. ದೂರದಲ್ಲಿ ನೀರು ತಳತಳಿಸುತ್ತಿದೆ. ಅದು ನೀರೆಂದು ಓಡಿದವನು ಬಾಯಾರಿ ಬಳಲುತ್ತಾನೆ. ಅದು ಏನೂ ಅಲ್ಲವೆಂದು ಮುಖ ತಿರುಗಿಸಿದವನು ತನಗೆ ದೊರೆತ ಒಂದು ಸಾಕ್ಷ್ಯವನ್ನು ಕಳೆದುಕೊಳ್ಳುತ್ತಾನೆ. ಮೂರನೆಯವನು ಅಲ್ಲಿಯೇ ನಿಂತು, ಈ ಬೆಳಕು ಯಾವ ದಾರಿಯಲ್ಲಿ ಬಂದಿತು, ನನಗೆ ಏನನ್ನು ಹೇಳುತ್ತಿದೆ, ಏನನ್ನು ಹೇಳುತ್ತಿಲ್ಲ, ಎಂದು ಕೇಳುತ್ತಾನೆ. ಅವನಿಗೆ ನೀರು ಸಿಗದಿದ್ದರೂ ನೆಲದ ಬಿಸಿ ಎಷ್ಟೆಂಬುದು ಸಿಗುತ್ತದೆ. ಅದನ್ನು ಮನೆಗೆ ತಂದು ಒಲೆಯ ಮುಂದೆ ಕುಳಿತವಳಿಗೆ ಒಂದು ಹಿಡಿ ಸೌದೆಯನ್ನಾದರೂ ಉಳಿಸಿಕೊಟ್ಟರೆ ಬಿಸಿಲ್ಗುದುರೆಯನ್ನು ಕಂಡದ್ದು ವ್ಯರ್ಥವಾಗಲಿಲ್ಲ.